ಎಂಟು ಗುಳಿಗೆ, ಬೇಯದ ಬೇಳೆ: ಕುಂತಿ ಬೆಟ್ಟದ ಬುಡದ ಒಂದು ಪ್ರಕರಣ

ಇದು ನಾಲ್ಕು ಜನ ಒಂದು ರಾತ್ರಿ ಅಡುಗೆ ಮಾಡಲು ಹೋಗಿ ಸೋತದ್ದು, ಆಮೇಲೆ ಮೂರು ವಾರ ಕೂತು ಅದನ್ನು ಸರಿಮಾಡಿಕೊಂಡದ್ದು. ನಾಲ್ವರೂ ಮೈಸೂರಿನವರು. ನಾನು ಭಾನುವಾರ ಭಾನುವಾರ ಅವರ ಜೊತೆ ನಡೆಯಲು ಹೋಗುತ್ತೇನೆ. ಮೊದಲ ರಾತ್ರಿ ನಾನು ಅಲ್ಲಿರಲಿಲ್ಲ. ಮುಂದಿನದಕ್ಕೆಲ್ಲ ಜೊತೆಗಿದ್ದೆ. ಬರೆಯಲು ಅವರು ಒಪ್ಪಿದ್ದಾರೆ. ಹೆಸರು ಹಾಕಿಲ್ಲ, ಗುರುತು ಹತ್ತುವಂಥ ಕೆಲವು ವಿವರ ಬದಲಾಯಿಸಿದ್ದೇನೆ.

ಒಬ್ಬರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಇನ್ನೊಬ್ಬ ಅವರ ಅಕ್ಕನ ಮಗ, ಎಂಜಿನಿಯರಿಂಗ್ ಓದುತ್ತಿದ್ದಾನೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು, ಅವರ ಗೆಳತಿ ಒಬ್ಬರು. ನಾಲ್ವರಿಗೂ ಒಂದು ಆಸೆ ಇತ್ತು. ಉತ್ತರಾಖಂಡದ ಕಡೆ ಐದು ದಿನದ ಚಾರಣಕ್ಕೆ ಹೋಗಬೇಕು, ಅಲ್ಲಿ ತಮ್ಮ ಅಡುಗೆ ತಾವೇ ಮಾಡಿಕೊಳ್ಳಬೇಕು. ಅದಕ್ಕೆ ಮೊದಲು ಹತ್ತಿರದಲ್ಲೇ ಒಂದು ರಾತ್ರಿ ಅಭ್ಯಾಸ ಮಾಡೋಣ ಎಂದುಕೊಂಡರು.

ಒಲೆ ಯಾವುದು, ಯಾಕೆ ಅದೇ

ಆರಿಸಿಕೊಂಡದ್ದು ಗುಳಿಗೆ ಒಲೆ. ಮಡಚಿದರೆ ಅಂಗೈಯಲ್ಲಿ ಹಿಡಿಯುವ ಉಕ್ಕಿನ ತಗಡಿನ ಪೆಟ್ಟಿಗೆ. ಬಿಡಿಸಿದರೆ ಎರಡು ಕಡೆ ಕಿವಿ ನಿಲ್ಲುತ್ತವೆ, ಅದರ ಮೇಲೆ ಪಾತ್ರೆ. ಮಧ್ಯದಲ್ಲಿ ಬಿಳಿ ಗುಳಿಗೆ ಇಟ್ಟು ಹಚ್ಚುವುದು, ಅಷ್ಟೇ. ಗುಳಿಗೆ ಹೆಕ್ಸಮೈನ್ ಎಂಬ ರಾಸಾಯನಿಕದ್ದು. ಫಾರ್ಮಾಲ್ಡಿಹೈಡ್ ಮತ್ತು ಅಮೋನಿಯ ಸೇರಿಸಿ ಇದನ್ನು ಮಾಡುತ್ತಾರೆ. ಈ ತರಹದ ಒಲೆ ಹೊಸದೇನಲ್ಲ. ಎರಿಕ್ ಶುಮ್ ಎಂಬ ಜರ್ಮನಿಯವರು 1936ರಲ್ಲೇ ಎಸ್ಬಿಟ್ ಹೆಸರಿನಲ್ಲಿ ಇಂಥ ಗುಳಿಗೆ ತಂದಿದ್ದರು. ನಮ್ಮ ಸೈನಿಕರೂ ಇದನ್ನು ಬಳಸಿದ್ದಾರೆ. ಸೈನ್ಯದಲ್ಲಿದ್ದವರನ್ನು ಕೇಳಿದರೆ ಟಾಮಿ ಕುಕ್ಕರ್ ಅಂದ ತಕ್ಷಣ ಗೊತ್ತಾಗುತ್ತದೆ.

ಹಗುರ, ಅಗ್ಗ, ಕೆಡುವ ಭಾಗ ಒಂದೂ ಇಲ್ಲ. ಚೆಲ್ಲುವ ಎಣ್ಣೆ ಇಲ್ಲ, ಸೋರುವ ಗ್ಯಾಸ್ ಇಲ್ಲ. ಇದನ್ನೆಲ್ಲ ನೋಡಿಯೇ ಅವರು ಕೊಂಡರು. ಆ ಲೆಕ್ಕ ಸರಿಯಾಗಿಯೇ ಇತ್ತು. ಒಂದು ವಿಷಯ ಮಾತ್ರ ಯಾರೂ ಯೋಚಿಸಲಿಲ್ಲ: ಈ ಒಲೆಗೆ ತಿರುಗಿಸುವ ಗುಬ್ಬಿ ಇಲ್ಲ. ಉರಿ ಸಣ್ಣ ಮಾಡೋಣ ಅಂದರೆ ಆಗದು, ಜೋರು ಮಾಡೋಣ ಅಂದರೂ ಆಗದು. ಹಚ್ಚಿದ ಗುಳಿಗೆ ತನ್ನ ಪಾಡಿಗೆ ಹನ್ನೆರಡು ನಿಮಿಷ ಉರಿದು ಮುಗಿಯುತ್ತದೆ.

ಜಾಗ

ಪಾಂಡವಪುರದ ಹತ್ತಿರ ಕುಂತಿ ಬೆಟ್ಟದ ಬುಡದಲ್ಲಿ ಮೇಷ್ಟ್ರ ಹಳೆಯ ಶಿಷ್ಯರೊಬ್ಬರ ತೋಟವಿದೆ. ತೆಂಗು, ಪಕ್ಕದಲ್ಲಿ ಕಬ್ಬು, ಗದ್ದೆ ಆಚೆಗೆ ಒಂದು ಆಲೆಮನೆ. ಬೆಟ್ಟ ಹತ್ತಿ ಇಳಿದು ರಾತ್ರಿ ತೋಟದಲ್ಲಿ ಉಳಿಯುವುದು ಎಂದಾಯಿತು. ಬೆಟ್ಟದ ಮೇಲೆ ಒಲೆ ಹಚ್ಚಬಾರದು ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಸಂಕ್ರಾಂತಿ ಆದ ಮೇಲಿನ ವಾರ. ಬಂಡೆ ಸಂದಿನ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಕಾಯ್ದಿಟ್ಟ ಅರಣ್ಯದಲ್ಲಂತೂ ಬೆಂಕಿ ಹಚ್ಚುವುದು ಅಪರಾಧ. ಚಾರಣಕ್ಕೆ ಹೋಗುವ ಎಷ್ಟೋ ಗುಂಪುಗಳು ಇಲ್ಲೇ ಎಡವುತ್ತವೆ. ಇವರು ಎಡವಲಿಲ್ಲ. ಆ ರಾತ್ರಿ ತಪ್ಪಿದ್ದು ಬೇರೆ ಕಡೆ.

ಆ ರಾತ್ರಿ

ಊಟಕ್ಕೆ ಬಿಸಿಬೇಳೆಬಾತ್. ಸೋನಾಮಸೂರಿ ಅಕ್ಕಿ, ತೊಗರಿಬೇಳೆ, ಮನೆಯಲ್ಲಿ ಮಾಡಿದ ಪುಡಿ, ತರಕಾರಿ. ಬ್ಯಾಂಕಿನ ಹೆಣ್ಣುಮಗಳು ಚೆನ್ನಾಗಿ ಅಡುಗೆ ಮಾಡುತ್ತಾರೆ, ಮನೆಯಲ್ಲಿ ಕುಕ್ಕರ್‌ನಲ್ಲಿ ಇಪ್ಪತ್ತು ನಿಮಿಷದ ಕೆಲಸ. ಇಲ್ಲಿ ಕುಕ್ಕರ್ ಇಲ್ಲ ಅನ್ನುವುದು ಗೊತ್ತಿತ್ತು, "ಸ್ವಲ್ಪ ಹೊತ್ತು ಜಾಸ್ತಿ ಹಿಡಿಯಬಹುದು" ಅಂದುಕೊಂಡಿದ್ದರು. ತಂದಿದ್ದ ಗುಳಿಗೆ ಎಂಟು, ಒಂದೊಂದು 14 ಗ್ರಾಂ.

ಒಲೆ ಹಚ್ಚುವ ಮೊದಲೇ ಎದೆ ನಡುಗಿಸುವ ಒಂದು ಸಂಗತಿ ನಡೆಯಿತು. ಗುಳಿಗೆಗಳನ್ನು ಒಂದು ತಟ್ಟೆಯಲ್ಲಿ ಬಿಚ್ಚಿ ಇಟ್ಟಿದ್ದರು. ತೋಟದ ಯಜಮಾನರ ಮೊಮ್ಮಗ, ನಾಲ್ಕು ವರ್ಷದವನು, ಬಂದು ಒಂದನ್ನು ಎತ್ತಿಕೊಂಡ. ಹಬ್ಬದ ಸಕ್ಕರೆ ಅಚ್ಚು ಅಂದುಕೊಂಡಿದ್ದ. ಬಾಯಿಗೆ ಹೋಗುವಷ್ಟರಲ್ಲಿ ಅಕ್ಕನ ಮಗ ಕೈ ಹಿಡಿದುಕೊಂಡ. ಬಿಳುಪು, ನುಣುಪು, ಅದೇ ಗಾತ್ರ. ಮಗುವಿನ ತಪ್ಪು ಏನೂ ಇಲ್ಲ.

ಒಂದೂವರೆ ಲೀಟರ್ ನೀರಿಗೆ ಎಲ್ಲ ಹಾಕಿ ಒಲೆ ಮೇಲಿಟ್ಟರು. ಸಂಜೆ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಬೆಂಕಿಕಡ್ಡಿಗೆ ಗುಳಿಗೆ ಹತ್ತಲಿಲ್ಲ. ಕೊನೆಗೆ ಒಂದು ಚೂರು ಕರ್ಪೂರ ಇಟ್ಟು ಹತ್ತಿಸಿದರು. ಹತ್ತಿದ ಉರಿ ಪಾತ್ರೆಯ ತಳಕ್ಕೆ ತಾಗದೆ ಒಂದು ಪಕ್ಕಕ್ಕೆ ವಾಲಿ ಉರಿಯಿತು. ಒಂದಾಯಿತು, ಎರಡಾಯಿತು, ಮೂರನೇ ಗುಳಿಗೆಯೂ ಮುಗಿಯಿತು. ನೀರು ಬಿಸಿಯಾಯಿತೇ ಹೊರತು ಕುದಿ ಬರಲಿಲ್ಲ. ಐದು ನಿಮಿಷಕ್ಕೊಮ್ಮೆ ಯಾರಾದರೂ ಮುಚ್ಚಳ ತೆಗೆದು ನೋಡುತ್ತಿದ್ದರು.

ಆಗ ಒಂದು ತೀರ್ಮಾನ ಆಯಿತು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಯೋಚಿಸಿದ್ದು ಅದರ ಬಗ್ಗೆಯೇ. ಗಾಳಿ ತಪ್ಪಿಸಲು ಒಲೆಯನ್ನು ಮೋಟಾರ್ ಮನೆಯೊಳಗೆ ಒಯ್ದರು. ಆರಡಿ ಉದ್ದ, ಆರಡಿ ಅಗಲದ ಇಟ್ಟಿಗೆ ಗೂಡು. ಕಿಟಕಿ ಇಲ್ಲ, ಬಾಗಿಲು ಮುಂದೆ ಮಾಡಿದರು. ಹಸಿವಾಗಿತ್ತು, ಬೇಗ ಆಗಲಿ ಎಂದು ಎರಡು ಗುಳಿಗೆ ಒಟ್ಟಿಗೆ ಹಚ್ಚಿದರು. ಮೂವರು ಒಳಗೆ, ಗೆಳತಿ ಹೊರಗೆ.

ಇದು ಹುಚ್ಚು ಸಾಹಸದಿಂದ ಮಾಡಿದ್ದಲ್ಲ. ಗಾಳಿಯಿಂದ ಉರಿ ಕೆಡುತ್ತಿದೆ ಅನ್ನುವುದನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಸಮಸ್ಯೆ ಗೊತ್ತಾದ ಖುಷಿಯಲ್ಲಿ ಮೊದಲು ಕಂಡ ಮರೆಗೆ ಹೋದರು. ಹೆಕ್ಸಮೈನ್ ಉರಿಯುವಾಗ ಹೊಗೆ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ನೀಲಿ ಉರಿ. ಹೊಗೆ ಇಲ್ಲ ಅಂದರೆ ಅಪಾಯ ಇಲ್ಲ ಎಂದು ನಾವೆಲ್ಲ ಸೌದೆ ಒಲೆ ನೋಡಿ ಕಲಿತಿದ್ದೇವೆ. ಇಲ್ಲಿ ಆ ಕಲಿಕೆ ಕೈಕೊಡುತ್ತದೆ. ತಣ್ಣನೆ ಪಾತ್ರೆಯ ತಳಕ್ಕೆ ಉರಿ ತಾಗಿ ಅರ್ಧಂಬರ್ಧ ಉರಿದಾಗ ಫಾರ್ಮಾಲ್ಡಿಹೈಡ್, ಅಮೋನಿಯ, ಕಾರ್ಬನ್ ಮೊನಾಕ್ಸೈಡ್ ಏಳುತ್ತವೆ, ಸ್ವಲ್ಪ ಹೈಡ್ರೋಜನ್ ಸಯನೈಡ್ ಕೂಡ. ಬಯಲಿನಲ್ಲಿ ಚದುರಿ ಹೋಗುವುದು ಆರಡಿ ಗೂಡಿನಲ್ಲಿ ಹಾಗೇ ನಿಲ್ಲುತ್ತದೆ.

ಏಳೆಂಟು ನಿಮಿಷಕ್ಕೆ ಕಣ್ಣು ಉರಿ, ಗಂಟಲು ಕೆರೆತ. ಮೇಷ್ಟ್ರಿಗೆ ತಲೆ ಸಿಡಿಯತೊಡಗಿತು. ಆದರೂ "ಈಗ ಕುದಿ ಬರ್ತಿದೆ ಮಾವ, ಎರಡು ನಿಮಿಷ" ಎಂದು ಹುಡುಗ ಕೂತೇ ಇದ್ದ. ಹೊರಗಿದ್ದ ಗೆಳತಿಗೆ ಮೀನು ಕೊಳೆತಂಥ ವಾಸನೆ ಬಂದಿತ್ತು, ಏನೆಂದು ಗೊತ್ತಾಗಲಿಲ್ಲ. ಬಾಗಿಲು ತೆಗೆದವರು ತೋಟದ ಯಜಮಾನರ ಹೆಂಡತಿ.

"ಏನ್ ಮೇಷ್ಟ್ರೇ ಇದು, ಕಣ್ಣೆಲ್ಲ ಉರೀತದೆ! ಮೊದ್ಲು ಎಲ್ರೂ ಆಚ್ಗೆ ಬನ್ನಿ!"

ಆ ಅಮ್ಮನಿಗೆ ಹೆಕ್ಸಮೈನ್ ಎಂದರೆ ಏನೆಂದು ಗೊತ್ತಿಲ್ಲ. ಒಲೆಯ ಹತ್ತಿರ ಕೂತವರ ಕಣ್ಣು ಹೇಗಿರಬೇಕು ಅನ್ನುವುದು ಗೊತ್ತು. ಮೂವರನ್ನೂ ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ತಲೆನೋವು ಇಳಿಯಿತು. ಇಳಿಯದೆ ಇದ್ದಿದ್ದರೆ, ವಾಂತಿ ಅಥವಾ ಮಂಪರು ಬಂದಿದ್ದರೆ, ಕಾಯದೆ ಆಸ್ಪತ್ರೆಗೆ ಹೋಗಬೇಕಿತ್ತು.

ಎಂಟೂ ಗುಳಿಗೆ ಮುಗಿದಿದ್ದವು. ಅಕ್ಕಿ ಹೊರಗೆ ಮೆತ್ತಗೆ, ಒಳಗೆ ಗಟ್ಟಿ. ಬೇಳೆ ಹಾಕಿದ ಹಾಗೇ ಇತ್ತು. ಅಮ್ಮ ತಮ್ಮ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು.

ಆಲೆಮನೆಯಲ್ಲಿ ಒಂದು ಮಾತು

ಬೆಳಗ್ಗೆ ಕಾಫಿಗೂ ಗುಳಿಗೆ ಇರಲಿಲ್ಲ. ಕಬ್ಬಿನ ಹಾಲು ಕುಡಿಯಲು ಆಲೆಮನೆಗೆ ಹೋದರು. ಅಲ್ಲಿ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕುತ್ತಿದ್ದವರಿಗೆ ಮೇಷ್ಟ್ರು ರಾತ್ರಿಯ ಕಥೆ ಹೇಳಿದರು, ಒಲೆಯನ್ನೂ ತೋರಿಸಿದರು. ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದ್ದು ಇಷ್ಟು: "ಗಾಳಿ ಬುಡದಿಂದ ಬರ್ಬೇಕು ಸಾ. ಪಕ್ಕದಿಂದ ಬಂದ್ರೆ ಉರಿನ ಎಳ್ಕೊಂಡ್ ಹೋಯ್ತದೆ."

ಹುಡುಗ ಅದನ್ನು ಮೊಬೈಲ್‌ನಲ್ಲಿ ಬರೆದುಕೊಂಡ. ನನ್ನ ಪ್ರಕಾರ ಪ್ರಕರಣ ತಿರುಗಿದ್ದು ಅಲ್ಲಿ. ರಾತ್ರಿ ಅವರ ತಲೆಯಲ್ಲಿದ್ದದ್ದು ಎರಡೇ ದಾರಿ: ಗಾಳಿ ಇರುವ ಬಯಲು, ಗಾಳಿ ಇಲ್ಲದ ಕೋಣೆ. ಬೆಂಕಿಗೆ ಗಾಳಿ ಬೇಕು, ಆದರೆ ಯಾವ ಕಡೆಯಿಂದ ಅನ್ನುವುದು ಮುಖ್ಯ ಎಂಬ ಮೂರನೇ ದಾರಿ ದಿನವೂ ಬೆಲ್ಲದ ಕೊಪ್ಪರಿಗೆ ಕಾಯಿಸುವವರಿಂದ ಬಂತು.

ತಾರಸಿಯ ಮೇಲೆ

ಮೈಸೂರಿಗೆ ಬಂದ ಮೇಲೆ ಮೇಷ್ಟ್ರ ಮನೆ ತಾರಸಿಯಲ್ಲಿ ಸಂಜೆ ಸಂಜೆ ಸೇರತೊಡಗಿದೆವು. ಅಡುಗೆಮನೆಯ ತಕ್ಕಡಿ, ಅಳತೆ ಲೋಟ, ಗಡಿಯಾರ, ಗಾಳಿಗೆ ಒಂದು ಟೇಬಲ್ ಫ್ಯಾನ್.

ಮೊದಲು ಹುಡುಗ ಲೆಕ್ಕ ಹಾಕಿದ. ಹೆಕ್ಸಮೈನ್ ಒಂದು ಗ್ರಾಂ ಉರಿದರೆ ಸುಮಾರು 7 ಕಿಲೋಕ್ಯಾಲರಿ ಶಾಖ. 14 ಗ್ರಾಂ ಗುಳಿಗೆಗೆ ಹತ್ತಿರಹತ್ತಿರ 100. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ನೀರು ಇಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅರ್ಧ ಲೀಟರ್ ನೀರನ್ನು 25 ಡಿಗ್ರಿಯಿಂದ ಅಲ್ಲಿಗೆ ಏರಿಸಲು 36 ಕಿಲೋಕ್ಯಾಲರಿ ಸಾಕು. ಅಂದರೆ ಗುಳಿಗೆಯ ಶಾಖದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ನೀರಿಗೆ ಸೇರಿದರೆ ಅರ್ಧ ಲೀಟರ್ ಕುದಿಯುತ್ತದೆ. ತೋಟದಲ್ಲಿ ಅಷ್ಟೂ ಸೇರಿರಲಿಲ್ಲ.

ಈ ಲೆಕ್ಕ ನೋಡಿದ ಮೇಲೆ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಇಡೀ ಲೆಕ್ಕ ಕುದಿ ಬರುವವರೆಗಿನದು. ಅಕ್ಕಿ ಬೇಯಲು ಕುದಿ ಬಂದ ಮೇಲೆ ಹದಿನೈದು ನಿಮಿಷ ಬೇಕು. ತೊಗರಿಬೇಳೆಗೆ ಕುಕ್ಕರ್ ಇಲ್ಲದೆ ಮುಕ್ಕಾಲು ಗಂಟೆ ಸಾಲದು. ಅದಕ್ಕೆಲ್ಲ ಶಾಖ ಎಲ್ಲಿಂದ ತರುವುದು?

ಆದರೂ ಮೊದಲು ಒಲೆಯನ್ನೇ ಸರಿಮಾಡಲು ಹೊರಟೆವು. ಹಳೆಯ ಎಣ್ಣೆ ಡಬ್ಬದ ತಗಡು ಕತ್ತರಿಸಿ ಪಾತ್ರೆಯ ಸುತ್ತ ನಿಲ್ಲುವ ಹಾಗೆ ಬಾಗಿಸಿದೆವು. ಮೊದಲ ತಗಡು ಪೂರ್ತಿ ಮುಚ್ಚಿತ್ತು, ತಳದಲ್ಲೂ ಸಂದು ಬಿಟ್ಟಿರಲಿಲ್ಲ. ಫ್ಯಾನ್ ಹಾಕಿದರೂ ಉರಿ ಅಲುಗಲಿಲ್ಲ ನಿಜ, ಆದರೆ ಮಂಕಾಯಿತು, ಅದೇ ಮೀನಿನ ವಾಸನೆ ಎದ್ದಿತು, ಪಾತ್ರೆಯ ತಳದಲ್ಲಿ ಕಂದು ಅಂಟು ದಪ್ಪಗೆ ಕೂತಿತು. ಮೋಟಾರ್ ಮನೆಯನ್ನೇ ಸಣ್ಣದಾಗಿ ಕಟ್ಟಿದ್ದೆವು. "ಬುಡದಿಂದ" ಎಂದು ಮೇಷ್ಟ್ರು ಆಲೆಮನೆಯ ಮಾತು ನೆನಪಿಸಿದರು. ಮೊಳೆಯಿಂದ ತಗಡಿನ ಕೆಳಗೆ ಸುತ್ತಲೂ ತೂತು ಹೊಡೆದೆವು. ಮೇಲೆ ಪಾತ್ರೆಗೂ ತಗಡಿಗೂ ನಡುವೆ ಕಿರುಬೆರಳು ತೂರುವಷ್ಟು ಜಾಗ ಬಿಟ್ಟೆವು. ಉರಿ ನೆಟ್ಟಗೆ ನಿಂತಿತು. ಫ್ಯಾನ್ ಓಡುತ್ತಿದ್ದಾಗಲೇ, ಮುಚ್ಚಳ ಮುಚ್ಚಿದ ಅರ್ಧ ಲೀಟರ್ ಒಂಬತ್ತು ನಿಮಿಷಕ್ಕೆ ಕುದಿಯಿತು. ಇನ್ನೂ ಎರಡು ಮೂರು ನಿಮಿಷದ ಉರಿ ಉಳಿದಿತ್ತು. ಉಳಿದ ತುಂಡಿನ ಮೇಲೆ ಸ್ಟೀಲ್ ಬಟ್ಟಲು ಕವುಚಿದರೆ ಆರುತ್ತದೆ, ಮತ್ತೆ ಬಳಸಬಹುದು ಎಂದು ಅಂದೇ ಗೊತ್ತಾಯಿತು.

ಪಾತ್ರೆಯ ತಳದ ಅಂಟು ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಹಳೆ ಲುಂಗಿಯಲ್ಲಿ ಒಂದು ಚೀಲ ಹೊಲಿದು ಅದರಲ್ಲಿ ಪಾತ್ರೆ ಇಡುತ್ತಾರೆ, ಸುಮ್ನೆ ಉಜ್ಜುತ್ತಾ ಕೂರುವುದಿಲ್ಲ.

ಅಡುಗೆಯೇ ಬದಲಾದದ್ದು

ಒಲೆ ಸರಿಯಾದ ದಿನ ಬ್ಯಾಂಕಿನ ಹೆಣ್ಣುಮಗಳು ಅಕ್ಕಿ ತಂದಿದ್ದರು. ಒಂದು ಲೋಟ ಅಕ್ಕಿಗೆ ಎರಡೂವರೆ ಗುಳಿಗೆ ಹೋಯಿತು. ತಳ ಸೀದಿತ್ತು, ಮೇಲೆ ನೀರು ನಿಂತಿತ್ತು. ಅವರು ಪಾತ್ರೆ ಕೆಳಗಿಟ್ಟು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ನಾವು ಮನೆ ಅಡುಗೇನ ಈ ಒಲೆಗೆ ತುರುಕ್ತಾ ಇದ್ದೀವಿ. ಈ ಒಲೆ ನೀರು ಕಾಯ್ಸತ್ತೆ, ಅಷ್ಟೇ. ನೀರು ಕಾಯ್ಸಿದ್ರೆ ಸಾಕು ಅನ್ನೋ ಅಡುಗೆ ನಮ್ಮಲ್ಲಿ ಏನೇನಿದೆ, ಅದನ್ನ ಯೋಚ್ನೆ ಮಾಡೋಣ."

ಯೋಚನೆ ಮಾಡಿದರೆ ಪಟ್ಟಿ ಉದ್ದವಾಗುತ್ತಲೇ ಹೋಯಿತು. ಅವಲಕ್ಕಿ ಅಂದರೆ ಆಗಲೇ ಬೆಂದ ಭತ್ತವನ್ನು ತಟ್ಟಿ ಒಣಗಿಸಿದ್ದು. ಹುರಿಹಿಟ್ಟು ಅಂದರೆ ಅರಳು ಮಾಡಿದ ರಾಗಿಯ ಹಿಟ್ಟು. ಕಡ್ಲೆಪುರಿ, ಹುರಿಗಡಲೆ, ಒಣ ಶಾವಿಗೆ, ಹುರಿದ ರವೆ, ಚಟ್ನಿಪುಡಿ. ಹೊಲಕ್ಕೆ, ಜಾತ್ರೆಗೆ, ದೂರದ ಊರಿಗೆ ನಡೆದು ಹೋಗುತ್ತಿದ್ದವರು ಬುತ್ತಿಗೆ ಕಟ್ಟುತ್ತಿದ್ದದ್ದು ಇದನ್ನೇ. ದೊಡ್ಡ ಬೆಂಕಿಯ ಕೆಲಸವನ್ನು ಮನೆಯಲ್ಲೇ ಮುಗಿಸಿ ಹೊರಡುವ ಜಾಣತನ ಅದರಲ್ಲಿದೆ. ನಮ್ಮ ಮೈಸೂರಿನಲ್ಲೇ 1961ರಿಂದ ಇರುವ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರಿಗೆ ಸಿದ್ಧ ಊಟ ರೂಪಿಸುವಾಗ ಹಿಡಿದದ್ದೂ ಇದೇ ದಾರಿ: ಬೇಯಿಸುವುದು ಊರಿನಲ್ಲಿ, ಗಡಿಯಲ್ಲಿ ಬಿಸಿ ಮಾಡಿದರೆ ಸಾಕು. ನನಗೆ ಈ ಹೋಲಿಕೆ ತುಂಬಾ ಹಿಡಿಸಿತು. ಅಜ್ಜಿಯ ಡಬ್ಬಿಯೂ ಲ್ಯಾಬಿನ ಪೊಟ್ಟಣವೂ ಒಂದೇ ಕೆಲಸ ಮಾಡುತ್ತವೆ ಅಲ್ವಾ?

ಗೊಜ್ಜವಲಕ್ಕಿ ಮೊದಲ ಪ್ರಯತ್ನದಲ್ಲೇ ಗೆದ್ದಿತು. ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ, ಹುಣಸೆ, ಬೆಲ್ಲ, ಸಾರಿನ ಪುಡಿ, ಉಪ್ಪು ಕುದಿಸಿ ಗಟ್ಟಿ ಮಾಡಿದ ಗೊಜ್ಜನ್ನು ಬೇರೆ ಡಬ್ಬಿಯಲ್ಲಿ ಒಯ್ಯುವುದು. ಕಡಲೇಕಾಯಿ ಬೀಜದ ಒಗ್ಗರಣೆ, ಒಣ ಕೊಬ್ಬರಿ ತುರಿ ಮನೆಯಲ್ಲೇ ಸಿದ್ಧ. ಗೊಜ್ಜನ್ನು ನೀರಿನಲ್ಲಿ ಕದಡಿ ಪುಡಿಗೆ ಸುರಿದು ಹತ್ತು ನಿಮಿಷ ಮುಚ್ಚಿಟ್ಟರೆ ಮುಗಿಯಿತು. ತಣ್ಣೀರಿನಲ್ಲೂ ನೆನೆಯುತ್ತದೆ, ಗುಳಿಗೆ ಮುಗಿದ ದಿನಕ್ಕೂ ಊಟ ಉಂಟು.

ಉಪ್ಪಿಟ್ಟು ಮಾತ್ರ ನಾಲ್ಕು ಸಂಜೆ ತೆಗೆದುಕೊಂಡಿತು. ಚಿರೋಟಿ ರವೆ ಗಂಟುಗಂಟಾಯಿತು. ಬನ್ಸಿ ರವೆ ಹಲ್ಲಿಗೆ ಸಿಕ್ಕಿತು. ಮಧ್ಯಮ ರವೆಯನ್ನು ಮನೆಯಲ್ಲಿ ಒಗ್ಗರಣೆಯ ಜೊತೆ ಘಮ ಬರುವ ತನಕ ಹುರಿದು ಒಯ್ದು, ಒಂದು ಪಾಲಿಗೆ ಎರಡೂವರೆ ಪಾಲು ಕುದಿಯುವ ನೀರು ಹಾಕಿ ಕಲಸಿದಾಗ ಹದ ಹತ್ತಿರ ಬಂತು. ಆದರೆ ಇಳಿಸಿದ ತಕ್ಷಣ ಆರುತ್ತಿತ್ತು, ಪೂರ್ತಿ ಅರಳುತ್ತಿರಲಿಲ್ಲ. ಮೇಷ್ಟ್ರ ಹೆಂಡತಿ ಅದನ್ನು ನೋಡಿ ಒಳಗಿನಿಂದ ದಪ್ಪ ಟರ್ಕಿ ಟವೆಲ್ ತಂದು ಪಾತ್ರೆಗೆ ಸುತ್ತಿದರು. ಅವರ ತವರಿನಲ್ಲಿ ಅನ್ನದ ತಪ್ಪಲೆಯನ್ನು ಬೂದಿ ಮುಚ್ಚಿದ ಕೆಂಡದ ಮೇಲಿಟ್ಟು ಹದಕ್ಕೆ ಬಿಡುತ್ತಿದ್ದರಂತೆ. ಇಲ್ಲಿ ಕೆಂಡ ಇಲ್ಲ, ಇರುವ ಬಿಸಿ ಹೊರಗೆ ಹೋಗದಂತೆ ನೋಡಿಕೊಳ್ಳಬಹುದು ಎಂದರು. ಹತ್ತು ನಿಮಿಷ ಬಿಟ್ಟು ಟವೆಲ್ ಬಿಚ್ಚಿದರೆ ಒಂದೊಂದು ಕಾಳೂ ಅರಳಿತ್ತು. ಉರಿ ಸಣ್ಣ ಮಾಡಲು ಬಾರದ ಒಲೆಗೆ ಸಣ್ಣ ಉರಿಯ ಕೆಲಸ ಮಾಡಿದ್ದು ಆ ಟವೆಲ್.

ಎರಡನೇ ಸಲ

ಫೆಬ್ರವರಿಯಲ್ಲಿ ಮತ್ತೆ ಅದೇ ತೋಟ, ಈ ಸಲ ಐದು ಜನ. ಒಲೆ ಹಚ್ಚಿದ್ದು ಸಿಮೆಂಟಿನ ಕಣದಲ್ಲಿ. ಸುತ್ತ ಬಿದ್ದಿದ್ದ ಕಬ್ಬಿನ ತರಗನ್ನು ಗುಡಿಸಿ ದೂರ ಹಾಕಿ, ಒಂದು ಬಕೆಟ್ ನೀರು ಪಕ್ಕದಲ್ಲಿಟ್ಟೆವು. ಗುಳಿಗೆಗಳು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಹುಡುಗನ ಬ್ಯಾಗಿನಲ್ಲಿ. ಬೇಕಾದಾಗ ಒಂದೇ ತೆಗೆಯುವುದು, ಮುಟ್ಟಿದ ಮೇಲೆ ಕೈ ತೊಳೆಯದೆ ಊಟದ ಸಾಮಾನು ಮುಟ್ಟುವಂತಿಲ್ಲ. ಇದು ಹುಡುಗನೇ ಹಾಕಿದ ನಿಯಮ, ಅವನೇ ಎಲ್ಲರನ್ನೂ ಕಾದ.

ತಂದದ್ದು ಹತ್ತು ಗುಳಿಗೆ. ರಾತ್ರಿ ಉಪ್ಪಿಟ್ಟಿಗೆ ಎರಡೂವರೆ, ಬೆಳಗ್ಗೆ ಟೀಗೆ ಎರಡು. ತಿಂಡಿ ಗೊಜ್ಜವಲಕ್ಕಿ, ನಡೆಯುವಾಗ ಹುರಿಹಿಟ್ಟು ಬೆಲ್ಲ, ಎರಡಕ್ಕೂ ಬೆಂಕಿ ಬೇಕಾಗಲಿಲ್ಲ. ಐದೂವರೆ ಗುಳಿಗೆ ವಾಪಸ್ ಬಂದವು.

ಒಂದು ತಪ್ಪು ಮತ್ತೆ ಆಯಿತು. ರಾತ್ರಿ ಅರ್ಧ ಉರಿದ ತುಂಡನ್ನು ಒಲೆಯಲ್ಲೇ ಬಿಟ್ಟು ಮಲಗಿದೆವು. ಇಬ್ಬನಿ ಬಿದ್ದಿತ್ತು. ಹೆಕ್ಸಮೈನ್ ತೇವ ಹೀರುತ್ತದೆ. ಬೆಳಗ್ಗೆ ಹಚ್ಚಿದಾಗ ಚಟಪಟ ಸಿಡಿದು ಒಂದು ಚೂರು ಮೇಷ್ಟ್ರ ಪಂಚೆ ಅಂಚಿಗೆ ಬಿತ್ತು. ಬಕೆಟ್ ನೀರು ಅಲ್ಲೇ ಇತ್ತು. ಅಂದಿನಿಂದ ಉಳಿದ ತುಂಡೂ ಆರಿದ ಮೇಲೆ ಡಬ್ಬಿಗೇ ಹೋಗುತ್ತದೆ.

ತೋಟದ ಅಮ್ಮ ಗೊಜ್ಜವಲಕ್ಕಿ ತಿಂದು ನೋಡಿ, "ಬೆಲ್ಲ ಒಂಚೂರು ಜಾಸ್ತಿ ಬೇಕಿತ್ತು, ಅದ್ಬಿಟ್ರೆ ಚೆನ್ನಾಗದೆ" ಎಂದರು. ಮುಂದಿನ ಸಲಕ್ಕೆ ಒಂದು ಉಂಡೆ ಬೆಲ್ಲ ಆಲೆಮನೆಯಿಂದಲೇ ಕೊಡಿಸಿದರು.

ಉತ್ತರಾಖಂಡದ ಯೋಜನೆಯೂ ಇದರಿಂದ ಸ್ವಲ್ಪ ಬದಲಾಗಿದೆ. ಈ ಗುಳಿಗೆಗಳನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ರೈಲಿನಲ್ಲೂ ಸುಲಭವಾಗಿ ಬೆಂಕಿ ಹತ್ತುವ ಸಾಮಾನು ನಿಷಿದ್ಧ. ಹಾಗಾಗಿ ಒಲೆ, ತಗಡು, ಟವೆಲ್ ಇಲ್ಲಿಂದ, ಗುಳಿಗೆ ಅಲ್ಲೇ ಕೊಳ್ಳುವುದು. ಅಲ್ಲಿ ಎತ್ತರ ಜಾಸ್ತಿ, ನೀರು ಇನ್ನೂ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಟವೆಲ್ಲಿನಲ್ಲಿ ಇನ್ನೂ ಹೊತ್ತು ಇಡಬೇಕಾಗುತ್ತದೆ. ಎಷ್ಟು ಚಳಿಯಾದರೂ ಟೆಂಟಿನೊಳಗೆ ಹಚ್ಚುವಂತಿಲ್ಲ ಅನ್ನುವುದನ್ನು ಮಾತ್ರ ಈ ನಾಲ್ವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮೇಷ್ಟ್ರಿಗೆ ಅನ್ನದ ಆಸೆ ಇನ್ನೂ ಬಿಟ್ಟಿಲ್ಲ. ಮಾರ್ಚ್ ಬಿಸಿಲಿಗೆ ತಾರಸಿಯಲ್ಲಿ ಅನ್ನ ಒಣಗಿಸಲು ಶುರುಮಾಡಿದ್ದಾರೆ. ಉದುರುದುರಾಗಿ ಮಾಡಿದ ಅನ್ನವನ್ನು ತಣ್ಣೀರಿನಲ್ಲಿ ತೊಳೆದು, ಬಿಳಿ ಪಂಚೆಯ ಮೇಲೆ ತೆಳ್ಳಗೆ ಹರಡಿ, ಎರಡು ದಿನ. ಹೋದ ಭಾನುವಾರ 100 ಗ್ರಾಂ ಒಣ ಅನ್ನಕ್ಕೆ 200 ಮಿಲಿ ಕುದಿಯುವ ನೀರು ಹಾಕಿ ಟವೆಲ್ ಸುತ್ತಿ ಹದಿನೈದು ನಿಮಿಷ ಇಟ್ಟೆವು. ಮಧ್ಯದ್ದು ಮೆತ್ತಗಾಗಿತ್ತು, ಅಂಚಿನ ಕೆಲವು ಕಾಳು ಇನ್ನೂ ಗಟ್ಟಿ. ಈ ಭಾನುವಾರ 220 ಮಿಲಿ ಹಾಕಿ ನೋಡುತ್ತೇವೆ.